ಕವರಕ್ಕನ ಮುಂದಿನ ಕಾಲು

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಸರ್ಫ್‌ಬೋರ್ಡ್‌ಗಳಿಗೆ ಬಟ್ಟೆ ಹೊಲಿಯುವವಳು. ಹೀಗೆಂದರೆ ನನ್ನ ಕಾಲೇಜಿನವರು ನಗುತ್ತಾರೆ, ಬೋರ್ಡ್‌ಗೆ ಎಂಥ ಬಟ್ಟೆ ಎಂದು. ಬೋರ್ಡನ್ನು ಬಿಸಿಲಿಗೆ ಬಿಟ್ಟರೆ ಉಬ್ಬುತ್ತದೆ, ಕಾಲು ಜಾರದಿರಲೆಂದು ಮೇಲೆ ಹಚ್ಚಿದ ಮೇಣ ಕರಗಿ ಹರಿಯುತ್ತದೆ, ಸ್ಕೂಟರಿನ ಪಕ್ಕಕ್ಕೆ ಕಟ್ಟಿಕೊಂಡು ಹೊರಟರೆ ಮೂತಿ ಒಡೆಯುತ್ತದೆ. ಅದಕ್ಕೇ ಒಂದೊಂದಕ್ಕೂ ಅಳತೆ ತೆಗೆದು, ಒಳಗೆ ಫೋಮು, ಹೊರಗೆ ಬೆಳ್ಳಿ ಬಣ್ಣದ ಶೀಟು, ಸುತ್ತ ಉದ್ದನೆಯ ಜಿಪ್ಪು ಕೊಟ್ಟು ಕವರ್ ಹೊಲಿಯಬೇಕು. ನಮ್ಮ ಕಡಲತೀರದಲ್ಲಿ ಅತ್ತೆಯ ಕವರ್ ತೊಡದ ಬೋರ್ಡೇ ಇಲ್ಲ. ಹಾಗಾಗಿ ಊರಿಗೆಲ್ಲ ಅವಳು ಕವರಕ್ಕ.

ಅಂಗಡಿಯೆಂದರೆ ಒಂದೇ ಕೋಣೆ, ಕೊನೆಯ ಬೀದಿಯ ಕೊನೆಯ ಬಾಗಿಲು. ಮುಂದಿನ ಬಾಗಿಲು ಬೀದಿಗೆ, ಹಿಂದಿನ ಬಾಗಿಲು ಕಡಲಿಗೆ. ಹಿಂದೆ ಒಂದು ದೊಡ್ಡ ಸುರಹೊನ್ನೆ ಮರ, ಅದರ ಕಾಯಿ ತಿನ್ನಲು ಬರುವ ಬಾವಲಿಗಳು ಎಸೆದ ಗೊರಟೆಗಳು ಬೆಳಿಗ್ಗೆ ಹೊಸ್ತಿಲ ತುಂಬ ಗೋಲಿಗಳಂತೆ ಬಿದ್ದಿರುತ್ತವೆ. ಮರ ದಾಟಿದರೆ ಮರಳಿನ ಇಳಿಜಾರು, ಇಳಿಜಾರಿನ ಮೈತುಂಬ ನೇರಳೆ ಹೂ ಬಿಡುವ ಬಳ್ಳಿ, ಎಲೆ ನೋಡಿದರೆ ಥೇಟ್ ಮೇಕೆಯ ಗೊರಸಿನ ಅಚ್ಚು. ಅದರಾಚೆ ನೀರು. ಈ ಕೋಣೆಯಲ್ಲಿ ಕೂತು ಅತ್ತೆ ಅರ್ಧ ಆಯುಷ್ಯ ಬೋರ್ಡ್‌ಗಳ ಸೊಂಟದ ಅಳತೆ ತೆಗೆದಳೇ ಹೊರತು ಒಂದರ ಮೇಲೂ ಕಾಲಿಟ್ಟಿರಲಿಲ್ಲ. ಈಜು ಮಾತ್ರ ಚಿಕ್ಕಂದಿನಿಂದ ನೀರು ಕುಡಿದಷ್ಟು ಸಲೀಸು.

ಎಲ್ಲಾ ಶುರುವಾದದ್ದು ಬೀದಿಯ ಹೆಂಗಸರಿಂದ. ಬೇಕರಿಯವನ ಹೆಂಡತಿ, ಆಸ್ಪತ್ರೆಯ ನರ್ಸು, ಸ್ಕೂಲ್ ಬಸ್ಸಿನ ಆಯಾ, ಇವರೆಲ್ಲ ಸಂಜೆ ಅಂಗಡಿಗೆ ಬಂದು ಕೂರುವವರು. ತಮ್ಮ ಮಕ್ಕಳು ಅಲೆಯ ಮೇಲೆ ನಿಂತು ಬರುವುದನ್ನು ಹಿಂದಿನ ಬಾಗಿಲಿನಿಂದ ನೋಡಿ ನೋಡಿ ಅವರಿಗೂ ಆಸೆ ಹುಟ್ಟಿತ್ತು. ಆದರೆ ಹರೆಯದ ಹುಡುಗರ ಎದುರಿಗೆ ಬಿದ್ದು ಏಳಲು ಯಾರೂ ತಯಾರಿರಲಿಲ್ಲ.

"ನೀನು ಕಲಿಸಿದ್ರೆ ಬರ್ತೀವಿ ಕಣೇ," ಎಂದರು ನರ್ಸು, ಸುಮ್ಮನೆ ಮಾತಿಗೆ.

ಅತ್ತೆ ಮಾತನ್ನು ಸುಮ್ಮನೆ ಬಿಡುವವಳಲ್ಲ. ಮರುದಿನ ಕವರ್ ತೆಗೆದುಕೊಂಡು ಹೋಗಲು ಬಂದ ಕೋಚ್‌ನನ್ನು ಹಿಡಿದುಕೊಂಡಳು. ಕೋಚ್ ಎಂದರೆ ತೀರದ ಸರ್ಫ್ ಶಾಲೆ ನಡೆಸುವವನು, ವಯಸ್ಸಿನಲ್ಲಿ ಅವಳಿಗಿಂತ ಬಹಳ ಚಿಕ್ಕವನು, ಬಿಸಿಲಿಗೆ ಕೂದಲು ತಾಮ್ರವಾಗಿರುವ ಮನುಷ್ಯ. ಅವನು ಒಳ್ಳೆಯ ಮಾತಿನಲ್ಲೇ ಹೇಳಿದ, ಹೆಂಗಸರ ಕ್ಲಾಸಿಗೆ ಅಡ್ಡಿಯಿಲ್ಲ, ಆದರೆ ಕಲಿಸುವವರು ಕೋಚ್ ಪರೀಕ್ಷೆ ಪಾಸಾಗಿರಬೇಕು. ಸೀಸನ್ ಶುರುವಾಗುವ ಮೊದಲು ಪರೀಕ್ಷಕರು ಬರುತ್ತಾರೆ. ಆಗ ಯಾರೂ ಸಿಗದಿದ್ದರೆ ಹೊರಗಿನಿಂದ ಒಬ್ಬನನ್ನು ಕರೆಸಿ ಕ್ಲಾಸನ್ನು ಅವನಿಗೇ ಕೊಡುವುದು. ಅವನು ಬಂದರೆ ಈ ಹೆಂಗಸರಲ್ಲಿ ಒಬ್ಬಳೂ ನೀರಿಗಿಳಿಯುವುದಿಲ್ಲ ಎಂಬುದು ಅತ್ತೆಗೆ ಗೊತ್ತಿತ್ತು.

"ಯಾರನ್ನೂ ಕರೆಸ್ಬೇಡ ತಮ್ಮಾ. ಆ ಕ್ಲಾಸು ನಂದು," ಎಂದಳು ಅತ್ತೆ, ಇನ್ನೂ ಬೋರ್ಡಿನ ಮೇಲೆ ನಿಲ್ಲಲೂ ಬಾರದವಳು. ಬಾಗಿಲಲ್ಲಿ ನಿಂತಿದ್ದ ನನಗೆ ಕುಣಿಯುವಷ್ಟು ಖುಷಿಯಾಯಿತು.

"ನಿಂತ್ಕೊಳ್ಳೋದು ಕಲೀಬೇಕಲ್ಲ ಅಕ್ಕಾ ಮೊದ್ಲು."

"ಅದಕ್ಕೇನು, ಈಗ್ಲೇ ಶುರು ಮಾಡು."

ಬೋರ್ಡಿನ ಮೇಲೆ ಯಾವ ಕಾಲು ಮುಂದೆ ಎಂಬುದು ಮೊದಲ ಪ್ರಶ್ನೆ. ಅದನ್ನು ಕಂಡುಹಿಡಿಯಲು ಕೋಚ್‌ಗಳದ್ದೊಂದು ಉಪಾಯವಿದೆ, ಹೇಳದೆ ಕೇಳದೆ ಹಿಂದಿನಿಂದ ಮೆಲ್ಲಗೆ ತಳ್ಳುತ್ತಾರೆ, ಯಾವ ಕಾಲು ಮುಂದೆ ಬಂದು ಮೈಯನ್ನು ತಡೆಯುತ್ತದೋ ಅದೇ ಮುಂದಿನ ಕಾಲು. ಅತ್ತೆ ಮಷಿನ್ನಿನ ಮುಂದೆಯೇ ಎದ್ದು ನಿಂತು ಜಿಪ್ಪಿನ ತುದಿ ಕತ್ತರಿಸುತ್ತಿದ್ದಾಗ ಕೋಚ್ ಅಲ್ಲೇ ತಳ್ಳಿದ. ಎಡಗಾಲು ಮುಂದೆ ಬಂತು.

"ಎಡಗಾಲು ಅಕ್ಕಾ. ಬಹಳ ಜನಕ್ಕೆ ಅದೇ," ಎಂದ.

ಅಲ್ಲಿಂದ ಶುರುವಾಯಿತು ನೋಡಿ ಬೀಳುವುದು. ನಾನು ಕಾಲೇಜು ಬಿಟ್ಟ ಕೂಡಲೇ ಬ್ಯಾಗು ಅಂಗಡಿಯಲ್ಲಿ ಎಸೆದು ನೀರಿನ ಅಂಚಿಗೆ ಓಡುತ್ತಿದ್ದೆ. ಅತ್ತೆ ಬೋರ್ಡಿನ ಮೇಲೆ ಬೋರಲಾಗಿ ಮಲಗಿ ಕೈಯಲ್ಲಿ ನೀರು ಎಳೆದುಕೊಂಡು ಹೋಗುವುದನ್ನು ನೋಡಿದರೆ ಹುಟ್ಟಿನಿಂದ ಇದೇ ಕೆಲಸ ಅನ್ನಬೇಕು, ಅಲೆ ಹಿಡಿಯುವುದೂ ಸರಿ, ಎದ್ದು ನಿಲ್ಲಲು ಎಡಗಾಲು ಮುಂದೆ ತಂದಳೋ, ಧೊಪ್ಪೆಂದು ಪಕ್ಕಕ್ಕೆ. ಎಲ್ಲಾ ಬಗೆಯಲ್ಲೂ ಬಿದ್ದಳು. ಲೋಳೆಮೀನಿನ ಮೇಲೆ ಬಿದ್ದು ತೋಳೆಲ್ಲ ಕೆಂಪಾಗಿ ಬಂದಳು. ಮೀನಿಗೆ ಎರಗುತ್ತಿದ್ದ ರೀವಕ್ಕಿಗಳ ಗುಂಪಿನ ನಡುವೆ ಬಿದ್ದು ಅವುಗಳ ಊಟ ಕೆಡಿಸಿದಳು. ಸೆಳೆತಕ್ಕೆ ಸಿಕ್ಕಿ ದೂರ ಹೋಗಿ, ಕೇದಗೆಯ ಪೊದೆಯಿರುವ ಕಡೆ ದಡ ಹತ್ತಿ, ಗರಗಸದಂಥ ಆ ಎಲೆಗಳು ಗೀರಿದ ಮೊಣಕಾಲು ಹೊತ್ತು ಮನೆಗೆ ಬಂದಳು. ಒಂದು ದಿನ ಬಿದ್ದು ಎದ್ದವಳ ಪಕ್ಕದಲ್ಲೇ ಕಡಲಾಮೆಯೊಂದು ತಲೆಯೆತ್ತಿ ಉಸಿರು ಬಿಟ್ಟು, ಅವಳನ್ನೊಮ್ಮೆ ನೋಡಿ ಮುಳುಗಿತಂತೆ.

"ಪಾಪ ಅನ್ಕೊಂಡ್ತೋ ಏನೋ," ಎಂದಳು ಅತ್ತೆ.

ಐಸ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಾವ ತಮಾಷೆಗೆ ಸಾಣೆ ಹಿಡಿದೇ ಮನೆಗೆ ಬರುತ್ತಿದ್ದರು. "ದಿನಾ ಅಡ್ಡಡ್ಡ ಬೀಳ್ತೀಯಲ್ಲ, ಸಮುದ್ರಕ್ಕೆ ಕವರ್ ಹೊಲಿಯೋಕೆ ಅಳತೆ ತಗೊಳ್ತಿದ್ದೀಯಾ?"

"ಹೌದು. ಅಳತೆ ಸಿಕ್ಕಿದ ಮೇಲೆ ನಿಮ್ಮ ಬಾಯಿಗೂ ಒಂದು ಹೊಲೀತೀನಿ."

ಹೀಗೆ ಕೆಣಕುತ್ತಲೇ ಮಾವನೇ ಅವಳ ಮೊಣಕಾಲಿಗೆ ಐಸ್ ಇಡುವುದು, ಅವಳು ಹಲ್ಲು ಕಚ್ಚಿ ಮಷಿನ್ನಿನ ಕೆಲಸ ಮುಗಿಸುವುದು. ಒಮ್ಮೆಯೂ ಸೋತೆ ಅನ್ನಲಿಲ್ಲ. ಪರೀಕ್ಷೆ ಮಾತ್ರ ಹತ್ತಿರ ಬರುತ್ತಿತ್ತು, ಅತ್ತೆ ಒಂದು ಅಲೆಯನ್ನೂ ಪೂರ್ತಿ ನಿಂತು ಮುಗಿಸಿರಲಿಲ್ಲ. ಕೋಚ್ ನನ್ನ ಕಿವಿಯಲ್ಲಿ, "ಹೊರಗಿನವನಿಗೆ ಫೋನ್ ಮಾಡಿಡ್ಲಾ?" ಎಂದು ಕೇಳಿದ್ದೂ ಆಗಿತ್ತು.

ಅದನ್ನು ತಪ್ಪಿಸಿದ್ದು ಒಂದು ಟಿಟ್ಟಿಭ. ಆ ಹಕ್ಕಿ ಗೂಡು ಕಟ್ಟುವ ಗೋಜಿಗೇ ಹೋಗುವುದಿಲ್ಲ, ಬಯಲು ಮರಳಿನಲ್ಲಿ ಚಿಕ್ಕ ಗುಂಡಿ ಮಾಡಿ ಮೊಟ್ಟೆಯಿಡುತ್ತದೆ. ಮರಳಿನದೇ ಬಣ್ಣ, ಮರಳಿನದೇ ಚುಕ್ಕಿ. ಬಳ್ಳಿಯ ಅಂಚಿನಲ್ಲಿ ಅಂಥ ಮೊಟ್ಟೆಗಳಿದ್ದದ್ದು ನಮಗೆ ಗೊತ್ತೇ ಇರಲಿಲ್ಲ. ಅವತ್ತು ಅತ್ತೆ ಬೋರ್ಡನ್ನು ತಲೆಯ ಮೇಲೆ ಹೊತ್ತು ಮುಂದೆ, ನಾನು ಹಿಂದೆ. ಇದ್ದಕ್ಕಿದ್ದಂತೆ ಟಿಟ್ಟಿಭ ಕಿರುಚುತ್ತಾ ಹಾರಿ ನೇರವಾಗಿ ಅವಳ ಮುಖಕ್ಕೇ ಬಂತು. ಅತ್ತೆ ಬೆಚ್ಚಿ ಮುಗ್ಗರಿಸಿದಳು, ಬೋರ್ಡು ಒಂದು ಕಡೆ ಹಾರಿತು, ಅವಳು ಮಾತ್ರ ಬೀಳಲಿಲ್ಲ. ಮಂಡಿ ಬಗ್ಗಿಸಿ, ಕೈ ಅಗಲಿಸಿ, ನೆಟ್ಟ ಕಂಬದಂತೆ ನಿಂತಳು. ಆ ಭಂಗಿ ಹೇಗಿತ್ತೆಂದರೆ ಫೋಟೋ ತೆಗೆದು ಸರ್ಫ್ ಶಾಲೆಯ ನಾಮಫಲಕಕ್ಕೆ ಅಂಟಿಸಬಹುದಿತ್ತು.

"ಅತ್ತೆ, ಅಲ್ಲಾಡ್ಬೇಡ," ಎಂದೆ.

"ಯಾಕೆ, ಮೊಟ್ಟೆ ತುಳಿದ್ನಾ?"

"ಇಲ್ಲ. ಕಾಲು ನೋಡು. ಬಲಗಾಲು ಮುಂದಿದೆ."

ಅತ್ತೆ ಕಾಲು ನೋಡಿಕೊಂಡಳು, ನನ್ನ ಮುಖ ನೋಡಿದಳು. ಹಕ್ಕಿ ನೆತ್ತಿಯ ಮೇಲೆ ಬೈಯುತ್ತಲೇ ಇತ್ತು. ನಾವು ಮೊಟ್ಟೆ ಎಲ್ಲಿವೆಯೆಂದು ಕಣ್ಣಲ್ಲೇ ಹುಡುಕಿ, ಬೋರ್ಡೆತ್ತಿಕೊಂಡು, ಅತ್ತ ಕಾಲಿಡದೆ ಸುತ್ತು ಬಳಸಿ ಕೋಚ್ ಬಳಿಗೆ ಓಡಿದೆವು. ನಾನು ಉಸಿರು ಬಿಡದೆ ವರದಿ ಒಪ್ಪಿಸಿದೆ. ಅವನು ತಲೆ ಕೆರೆದುಕೊಂಡ.

"ಅಂಗಡೀಲಿ ತಳ್ಳಿದಾಗ ಎಡಗಾಲು ಬಂದಿದ್ದು ನಾನೇ ನೋಡ್ದೆ. ಅಕ್ಕಾ, ಅವತ್ತು ನಿಮ್ಮ ಬಲಗಾಲು ಎಲ್ಲಿತ್ತು?"

"ಎಲ್ಲಿರುತ್ತೆ? ಮಷಿನ್ ಪೆಡಲ್ ಮೇಲೆ. ಎದ್ದು ನಿಂತ್ರೂ ಅದು ಅಲ್ಲೇ, ಇಲ್ದಿದ್ರೆ ಚಕ್ರ ತಿರುಗಿ ದಾರ ಕಿತ್ತೋಗುತ್ತೆ."

ಕೋಚ್ ಮರಳಿನ ಮೇಲೆ ಕುಸಿದು ಕೂತ. ಬಲಗಾಲು ಪೆಡಲ್ ಬಿಟ್ಟು ಬರುವ ಹಾಗೇ ಇರಲಿಲ್ಲ, ಬಿಡುವಾಗಿದ್ದ ಎಡಗಾಲು ಮುಂದೆ ಬಂದಿತ್ತು, ಅಷ್ಟೇ. ಅದನ್ನು ನಂಬಿ ಇಷ್ಟು ದಿನ ಅತ್ತೆಯನ್ನು ಉಲ್ಟಾ ನಿಲ್ಲಿಸಿದ್ದೆವು.

"ನನ್ನ ಮೊಣಕಾಲಿಗೆ ಯಾರಪ್ಪ ಜವಾಬ್ದಾರಿ?" ಎಂದಳು ಅತ್ತೆ. ಉತ್ತರಕ್ಕೆ ಕಾಯಲಿಲ್ಲ, ಬೋರ್ಡೆತ್ತಿಕೊಂಡು ನೀರಿಗೆ ಹೊರಟಳು.

ಆ ಸಂಜೆ ಅವಳು ನಿಂತಳು. ಅಲೆ ಬಂತು, ಎದ್ದಳು, ಬಲಗಾಲು ಮುಂದೆ, ದಡದವರೆಗೆ ಬಂದಳು, ಇಳಿದಳು, ಏನೂ ಆಗದವಳಂತೆ ಕೂದಲು ಹಿಂಡಿಕೊಂಡು ಮತ್ತೆ ಹೋದಳು. ನಾನು ದಡದಲ್ಲಿ ಹುಚ್ಚಿಯಂತೆ ಕುಣಿಯುತ್ತಿದ್ದರೆ ಏಡಿಗಳೆಲ್ಲ ಹೆದರಿ ಬಿಲ ಸೇರಿದವು. ಆಮೇಲಿನ ದಿನಗಳಲ್ಲಿ ಅವಳಿಗೆ ನೆಲಕ್ಕಿಂತ ಬೋರ್ಡೇ ಹೆಚ್ಚು ಒಗ್ಗಿತು.

ಪರೀಕ್ಷಕರು ಬಂದರು. ಕನ್ನಡಕ, ದೊಡ್ಡ ಟೋಪಿ, ಕುತ್ತಿಗೆಗೆ ಸೀಟಿ. ಮೊದಲಿಗೆ ದಡದಲ್ಲೇ ಕೇಳಿದರು, "ಕಲಿಯೋರನ್ನ ನೀರಿಗೆ ಯಾವ ದಾರೀಲಿ ಕರ್ಕೊಂಡು ಹೋಗ್ತೀರಿ?"

"ಬಳ್ಳಿ ಇಲ್ಲದ ಕಡೆಯಿಂದ ಸರ್. ಬಳ್ಳಿ ತುಳಿದ್ರೆ ಮರಳು ಹೋಗುತ್ತೆ, ಮರಳು ಹೋದ್ರೆ ನನ್ನ ಅಂಗಡಿ ಹೋಗುತ್ತೆ."

ಪರೀಕ್ಷಕರು ಮೀಸೆಯಲ್ಲೇ ನಕ್ಕರು. ನಂತರ ಮುಳುಗುವವಳಂತೆ ನಟಿಸಿದ ನನ್ನನ್ನು ಅತ್ತೆ ಬೋರ್ಡಿನ ಮೇಲೆ ಎಳೆದು ದಡಕ್ಕೆ ತಂದಳು. ಕೊನೆಯದು ಮೂರು ಅಲೆ, ಮೂರನ್ನೂ ನಿಂತು ಮುಗಿಸಬೇಕು. ಒಂದು ತಪ್ಪಿದರೂ ಈ ಸೀಸನ್ನಿಗೆ ಕ್ಲಾಸು ಇಲ್ಲ. ಬೀದಿಯ ಹೆಂಗಸರೆಲ್ಲ ಸುರಹೊನ್ನೆಯ ಕೆಳಗೆ ಸಾಲಾಗಿ ನಿಂತಿದ್ದರು, ಮಾವ ಫ್ಯಾಕ್ಟರಿಯಿಂದ ಅರ್ಧ ದಿನ ರಜೆ ಹಾಕಿ ಬಂದು ಯಾರೊಂದಿಗೂ ಮಾತಾಡದೆ ಉಗುರು ಕಚ್ಚುತ್ತಿದ್ದರು.

ಮೊದಲ ಅಲೆ ಸಲೀಸು, ಎರಡನೆಯದೂ ಸಲೀಸು. ಮೂರನೆಯದು ನೀರೇರುವ ಹೊತ್ತಿನ ಭರತದ ಅಲೆ, ದೊಡ್ಡದು, ಹೊಳೆ ಕಡಲಿಗೆ ಸೇರುವ ಕಡೆಗೆ ಓರೆಯಾಗಿ ಓಡುವಂಥದ್ದು. ಅತ್ತೆ ಎದ್ದು ನಿಂತದ್ದು ಕಂಡಿತು, ಓಡುವುದು ಕಂಡಿತು, ಬಂಡೆಗಳ ಮರೆಗೆ ಹೋದಳು. ಆಮೇಲೆ ಕಾಣಲಿಲ್ಲ.

ಪರೀಕ್ಷಕರು ಕತ್ತು ಉದ್ದ ಮಾಡಿ ನೋಡಿದರು. "ಬಿದ್ರು ಅನ್ಸುತ್ತೆ."

"ಬಿದ್ದಿರಲ್ಲ," ಎಂದರು ಮಾವ, ಬಂದಾಗಿನಿಂದ ಆಡಿದ ಒಂದೇ ಮಾತು.

ನಾವೆಲ್ಲ ಬಂಡೆಯ ಕಡೆಗೆ ಓಡಿದೆವು. ಬಂಡೆಯ ಆಚೆ ಹೊಳೆಯ ಬಾಯಿ, ಅಲ್ಲಿ ಕೆಸರಿನಿಂದ ಬೇರುಗಳನ್ನು ಮೇಲೆತ್ತಿಕೊಂಡು ನಿಂತ ಕಾಂಡ್ಲಾ ಗಿಡಗಳು. ಆ ಗಿಡಗಳ ನಡುವಿನಿಂದ ಅತ್ತೆ ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡು, ತಲೆಯ ಮೇಲೆ ಬೋರ್ಡು ಹೊತ್ತು ಬರುತ್ತಿದ್ದಳು.

"ಬಿದ್ರಾ?" ಎಂದು ಕೇಳಿದರು ಪರೀಕ್ಷಕರು.

"ಬಿದ್ದಿದ್ರೆ ಅಲ್ಲೇ ಎಲ್ಲಾದ್ರೂ ಸಿಗ್ತಿದ್ದೆ ಸರ್. ಅಲೆ ಮುಗೀಲೇ ಇಲ್ಲ, ನಾನೇನ್ ಮಾಡ್ಲಿ."

"ನಾನು ಕೊನೆ ನೋಡ್ಲಿಲ್ವಲ್ಲಮ್ಮಾ. ನೋಡದೆ ಹೇಗೆ ಪಾಸ್ ಅನ್ಲಿ?"

ಅತ್ತೆ ಬಾಯಿ ತೆರೆಯುವ ಮೊದಲೇ ಅವಳ ಬೆನ್ನ ಹಿಂದಿನಿಂದ ಬೈಗುಳ ಕೇಳಿಸಿತು. ಕೆಸರಿನಲ್ಲಿ ಚಿಪ್ಪು ಆಯುವ ಅಜ್ಜಿ, ಸೊಂಟಕ್ಕೆ ಖಾಲಿ ಬುಟ್ಟಿ, ಬೆರಳು ನೇರ ಅತ್ತೆಯ ಕಡೆಗೆ.

"ಇವಳೇ. ಬಸ್ಸಲ್ಲಿ ಕಂಬಿ ಹಿಡ್ಕೊಂಡು ನಿಂತ ಹಾಗೆ ನೆಟ್ಟಗೆ ನಿಂತ್ಕೊಂಡು ಬಂದ್ಲು, ನನ್ನ ಬುಟ್ಟಿ ಹತ್ರ ಬಂದೇ ಇಳಿದ್ಲು. ಬೆಳಿಗ್ಗೆಯಿಂದ ಆಯ್ದಿದ್ದೆಲ್ಲ ಚೆಲ್ಲಿಹೋಯ್ತು. ನಿಂತಿದ್ದೋಳಿಗೆ ಕಣ್ಣು ಕಾಣ್ಬಾರ್ದಾ?"

ಪರೀಕ್ಷಕರು ಟೋಪಿ ತೆಗೆದರು. "ಅಜ್ಜಿ, ಇವರು ನಿಂತಿದ್ರಾ? ಸರಿಯಾಗಿ ನೋಡಿದ್ರಾ?"

"ಕೂತಿದ್ರೆ ನಾನ್ಯಾಕೆ ಬೈತಿದ್ದೆ?"

ಹೆಂಗಸರ ಸಾಲಿನಲ್ಲಿ ನಗು ಒಡೆಯಿತು. ಪರೀಕ್ಷಕರು ಪೆನ್ನಿಗಾಗಿ ಜೇಬು ತಡಕಾಡುತ್ತಿದ್ದರು, ಅತ್ತೆ ಆಗಲೇ ಬೋರ್ಡನ್ನು ನನ್ನ ಕೈಗೆ ತಳ್ಳಿ ಕೆಸರಿಗೆ ಇಳಿದಾಗಿತ್ತು.

"ಸಹಿ ಆಮೇಲೆ ಹಾಕಿ ಸರ್. ನೀರು ಏರ್ತಿದೆ, ಅಜ್ಜಿ ಚಿಪ್ಪೆಲ್ಲ ಹೊರಟೋಗುತ್ತೆ."

ನರ್ಸು ಇಳಿದರು, ಬೇಕರಿಯವನ ಹೆಂಡತಿ ಇಳಿದಳು, ಆಯಾ ಚಪ್ಪಲಿ ಕೈಯಲ್ಲಿ ಹಿಡಿದು ಇಳಿದರು. ಬೇರುಗಳ ಸಂದಿಯಲ್ಲಿ ಎಲ್ಲರೂ ಬಗ್ಗಿ ಚಿಪ್ಪು ಹೆಕ್ಕಿ ಹೆಕ್ಕಿ ಬುಟ್ಟಿಗೆ ಹಾಕತೊಡಗಿದೆವು, ಕೆಸರುಮೀನುಗಳು ನಮ್ಮ ಕಾಲುಗಳ ನಡುವೆ ಜಿಗಿದೋಡಿದವು. ಪರೀಕ್ಷಕರು ಪ್ಯಾಂಟು ಮಡಚಿಕೊಂಡರು, ಅವರೂ ಇಳಿದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಒಂದು ಚಿಪ್ಪನ್ನು ಒರೆಸಿ ಅಜ್ಜಿಯ ಬುಟ್ಟಿಗೆ ಹಾಕುತ್ತಾ ಕೇಳಿದರು, "ಹೆಂಗಸರ ಕ್ಲಾಸು ಯಾವತ್ತಿಂದ?"

"ನಾಳೆಯಿಂದ," ಎಂದಳು ಅತ್ತೆ, ಬಗ್ಗಿದಲ್ಲಿಂದ ತಲೆ ಎತ್ತದೆ.