ಗುರುಬಾಯಕ್ಕನ ಆಯೇರಿ

ಗುರುಬಾಯಕ್ಕ ಸೂಜಿ ಚುಚ್ಚುವ ಮೊದಲು ತೋಳಿನ ಮೇಲೆ ಎರಡು ಬೆರಳಿನಿಂದ ತಾಳ ಹಾಕುತ್ತಿದ್ದಳು. ಟಕ್ ಟಕ್, ಟಕಟಕ್. ಕೂಸು ಅದೇನೆಂದು ನೋಡುವಷ್ಟರಲ್ಲಿ ಸೂಜಿ ಒಳಗೆ ಹೋಗಿ ಹೊರಗೂ ಬಂದಿರುತ್ತಿತ್ತು. ಸುರಪುರದ ಸುತ್ತ ಇವತ್ತು ಮೀಸೆ ತಿರುವಿಕೊಂಡು ಓಡಾಡುವ ಎಷ್ಟೋ ಗಂಡಸರು ಆ ತಾಳ ತಿಂದವರೇ. ಅದು ಭಜನೆಯ ತಾಳವಲ್ಲ, ಹಲಗೆಯದೂ ಅಲ್ಲ. ಹೈದರಾಬಾದಿನ ಒಂದು ರಾಕ್ ಬ್ಯಾಂಡಿನದು.

ನಂಬದವರು ಬಿಡಿ. ದೇವಾಪುರದ ಸರಕಾರಿ ನರ್ಸು, ಹಣೆ ತುಂಬ ಕುಂಕುಮ, ಇಳಕಲ್ ಸೀರೆ. ಅವಳಿಗೂ ಗಿಟಾರಿಗೂ ಎಲ್ಲಿಯ ಸಂಬಂಧ ಎಂದು ನಾನೂ ಕೇಳಿದ್ದೆ. ಅವಳ ಅಪ್ಪ ಗೌಂಡಿ ಕೆಲಸಕ್ಕೆ ಹೈದರಾಬಾದಿಗೆ ಹೋದವನು. ಅವರ ಗುಡಿಸಲಿನ ಹಿಂದೆ ಹಳೇ ಗೋದಾಮು, ಅದರಲ್ಲಿ ಐದು ಮಂದಿ ಹುಡುಗರು ದಿನಾ ಸಂಜೆ ಬಾರಿಸುತ್ತಿದ್ದರಂತೆ. "ಮೊದ್ಲ ತಲಿ ಸಿಡೀತಿತ್ತವ್ವ. ಆಮ್ಯಾಲ ಅವ್ರು ಬಾರಿಸಲಿಲ್ಲಂದ್ರ ಉಣ್ಣಾಕ ಮನಸಾಗ್ತಿರಲಿಲ್ಲ" ಎನ್ನುತ್ತಿದ್ದಳು. ಹುಡುಗರು ದೊಡ್ಡ ಹೆಸರು ಮಾಡಿದರು, ಆಮೇಲೆ ಜಗಳಾಡಿಕೊಂಡು ಬೇರೆಯಾದರು. ಇವಳು ಓದಿ ನರ್ಸಾಗಿ, ಶರಣಪ್ಪ ಮಾವನನ್ನು ಮದುವೆಯಾಗಿ ನಮ್ಮ ಪಕ್ಕದ ಮನೆಗೆ ಬಂದಳು. ಅವರ ಹಾಡು ಮಾತ್ರ ಬಿಡಲಿಲ್ಲ. ಅವರಿಗೆ ಅರವತ್ತು ದಾಟಿದ ಮೇಲೂ "ನಮ್ಮ ಹುಡುಗ್ರು" ಎಂದೇ ಕರೆಯುತ್ತಿದ್ದಳು.

ಅವಳಿಗೆ ಒಂದು ಹಟವಿತ್ತು. ನಮ್ಮ ಕಡೆ ದೊಡ್ಡಾಟವಿರಲಿ, ಭಜನೆಯಿರಲಿ, ಮದುವೆ ಮನೆಯ ಆರ್ಕೆಸ್ಟ್ರಾ ಇರಲಿ, ಹಾಡು ಹಿಡಿಸಿದರೆ ಎದ್ದುಹೋಗಿ ಹಾಡಿದವರಿಗೆ ಟಾವೆಲ್ಲೋ ಅಂಗಿ ಬಟ್ಟೆಯೋ ಆಯೇರಿ ಮಾಡುತ್ತೇವೆ. ಮೈಕಿನವನು ಕೊಟ್ಟವರ ಊರು, ಹೆಸರು ಕೂಗುತ್ತಾನೆ. ಹೆಣ್ಣುಮಗಳು ಕೊಟ್ಟರೆ ಕೂಗುವುದು ಗಂಡನ ಹೆಸರು. ಗುರುಬಾಯಕ್ಕ ತನ್ನ ಪಗಾರದಲ್ಲಿ ಮಾಡಿದ ಆಯೇರಿಗಳೆಲ್ಲ "ದೇವಾಪುರದ ಶರಣಪ್ಪನವರಿಂದ" ಎಂದೇ ಹೋದವು. ಶರಣಪ್ಪ ಮಾವನಿಗೋ ಹಾಡೆಂದರೆ ತಲೆನೋವು. ಆ ಹೊತ್ತಿಗೆ ಮನೆಯಲ್ಲಿ ಗೊರಕೆ ಹೊಡೆಯುತ್ತಿರುತ್ತಿದ್ದ.

"ಗಂಡನ ಹೆಸರು ಬಾಯಿಲೆ ಹೇಳಬಾರದಂತಾರ. ಆಯೇರಿಗಿ ಮಾತ್ರ ಅದನ್ನ ಹೇಳಂತಾರ. ಇದ್ಯಾವ ಕಾಯ್ದಾ ಮಾದೇವಿ?" ಎಂದು ನನ್ನನ್ನು ಗದರುತ್ತಿದ್ದಳು, ಕಾಯ್ದೆ ಮಾಡಿದವಳು ನಾನೇ ಅನ್ನುವಂತೆ. "ಒಂದ ಸಲ ನನ್ನ ಹೆಸರು ಮೈಕಿನ್ಯಾಗ ಬರಬೇಕು ನೋಡು. ಅದೂ ನಮ್ಮ ಹುಡುಗ್ರ ಮುಂದ."

ಹುಡುಗರು ಮತ್ತೆ ಕೂಡಿದ ಸುದ್ದಿ ಅವಳ ಮೊಬೈಲಿಗೆ ಬಂದಾಗ ನಾವಿಬ್ಬರೂ ಶಾವಿಗೆ ಒಣಹಾಕುತ್ತಿದ್ದೆವು. ಹೈದರಾಬಾದಿನಲ್ಲಿ ಎರಡು ಸಂಜೆ ಕಾರ್ಯಕ್ರಮ. ಅಕ್ಕ ನೌಕರಿಯಿಂದ ನಿವೃತ್ತಳಾಗಿದ್ದಳು, ಮೊಣಕಾಲು ಹಿಡಿದಿದ್ದವು.

"ಎರಡೂ ದಿನ ಹೋಗೂಣು" ಎಂದಳು.

"ಒಂದಿನ ಸಾಕಾಗಂಗಿಲ್ಲೇನಕ್ಕ?"

"ಮೊದ್ಲೇ ಜಗಳಗಂಟ್ರು. ಮೂರನೇ ದಿನಕ್ಕ ಮತ್ತ ಬ್ಯಾರಿ ಆದ್ರ ಏನ್ ಮಾಡ್ತಿ?"

ಶಹಾಪುರದ ಬಟ್ಟೆ ಅಂಗಡಿಯವನ ಜೀವ ಹಿಂಡಿ ಐದು ಟಾವೆಲ್ ಆರಿಸಿದಳು. ಯಾದಗಿರಿಯಲ್ಲಿ ರೈಲು ಹತ್ತಿದೆವು. ಮೈದಾನದ ಬಾಗಿಲಲ್ಲಿ ಕಾವಲಿನವನು ಅವಳ ಚೀಲದಿಂದ ತೆಂಗಿನಕಾಯಿ ತೆಗೆದು ಇಟ್ಟುಕೊಂಡ. ಆಯೇರಿಗೆ ಕಾಯಿ ಬೇಕೇ ಬೇಕೆಂದು ಅಕ್ಕ ದಖ್ಖನಿ ಉರ್ದುವಿನಲ್ಲಿ ಎಷ್ಟು ಹೇಳಿದರೂ ಕೇಳಲಿಲ್ಲ. ಟಾವೆಲ್‌ಗಳನ್ನು ಮಾತ್ರ ಬಿಟ್ಟ.

ಬಾರಿಸಲು ಶುರುಮಾಡಿದ ಮೇಲೆ ನನಗಂತೂ ಎದೆಯೊಳಗೆ ಹಿಟ್ಟಿನ ಗಿರಣಿ ಕೂಡಿಸಿದಂತಾಯಿತು. ಹಾಡುವವನ ತಲೆ ಬೋಳಾಗಿತ್ತು, ಡ್ರಮ್ಮಿನವನಿಗೆ ಹೊಟ್ಟೆ ಬಂದಿತ್ತು. ಅಕ್ಕ ಮುಂದಿನ ಕಬ್ಬಿಣದ ಸರಳು ಹಿಡಿದು, ಕಣ್ಣೀರು ಒರೆಸಿಕೊಳ್ಳುತ್ತ, "ಕೂದಲಾ ಹೋಗ್ಯಾವ, ಕೈ ಹೋಗಿಲ್ಲ ನೋಡವ್ವ" ಎಂದಳು. ಅವಳನ್ನು ಅಷ್ಟು ಸುಖವಾಗಿ ನಾನು ಯಾವತ್ತೂ ನೋಡಿರಲಿಲ್ಲ.

ಹಾಡುವವನು ಮಂದಿಯ ಕೈ ಮುಟ್ಟುತ್ತ ನಮ್ಮ ಹತ್ತಿರ ಬಂದ. ಅಕ್ಕ ಟಾವೆಲ್‌ಗಳನ್ನು ಮುಂದೆ ಚಾಚಿದಳು. ಅವನು ನಕ್ಕು ಒಂದನ್ನು ಹೆಗಲಿಗೆ ಹಾಕಿಕೊಂಡು, ಉಳಿದವನ್ನು ಬಗಲಲ್ಲಿ ಇಟ್ಟುಕೊಂಡು, "ನಾಮ್ ಕ್ಯಾ ಹೈ ಅಮ್ಮಾ?" ಎಂದು ಮೈಕು ಅವಳ ಬಾಯಿಗೆ ಹಿಡಿದ.

"ದೇವಾಪುರದ ಶರಣಪ್ಪ" ಎಂದಳು ಅಕ್ಕ.

ಮೈದಾನಕ್ಕೆ ಮೈದಾನವೇ "ಶರಣಪ್ಪಾ, ಶರಣಪ್ಪಾ" ಎಂದು ಕೂಗಿತು. ಮುಂದಿನ ಹಾಡು ಶರಣಪ್ಪನಿಗೇ ಅಂತ ಹಾಡಿದರು. ನನಗೆ ನಗು ತಡೆಯಲಾಗಲಿಲ್ಲ. ಅಕ್ಕನ ಮುಖ ನೋಡಿದೆ, ನಗು ನಿಂತಿತು. ಲಾಡ್ಜಿಗೆ ಬಂದು ಅವಳು ಊಟ ಮುಟ್ಟಲಿಲ್ಲ. "ಕೇಳವ್ರು ಕೇಳಿದ್ರವ್ವ. ನಾನಽ ನಾ ಇಲ್ಲಂತ ಹೇಳಿ ಬಂದೆ" ಎಂದು ಗೋಡೆ ಕಡೆ ತಿರುಗಿ ಮಲಗಿದಳು.

ಮರುದಿನ ಇನ್ನೊಂದು ಟಾವೆಲ್ ಕೊಂಡು ಮಧ್ಯಾಹ್ನದಿಂದಲೇ ಹೋಗಿ ಅದೇ ಜಾಗ ಹಿಡಿದಳು. ನಾಲ್ಕು ಹಾಡಾದ ಮೇಲೆ ಹಾಡುವವನು ಅವಳನ್ನು ಗುರುತಿಸಿ, ಬೆರಳು ತೋರಿಸಿ, "ಶರಣಪ್ಪಾ" ಎಂದ. ಮಂದಿ ಮತ್ತೆ ಶುರುಮಾಡಿದರು. ಅಕ್ಕ ಕೈಬೀಸಿ ಅವನನ್ನು ಕರೆದಳು, ಹಳ್ಳಿಯಲ್ಲಿ ಸೂಜಿಗೆ ಹೆದರಿ ಓಡುವವರನ್ನು ಕರೆಯುವಂತೆಯೇ. ಅವನು ಬಂದ. ಬಂದವನ ಕೈಯಿಂದ ಮೈಕು ಕಸಿದುಕೊಂಡಳು.

"ಅಲ್ರಿ. ಶರಣಪ್ಪ ಮನ್ಯಾಗ ಮಕ್ಕೊಂಡಾನ. ನಾನು ಗುರುಬಾಯಿ. ದೇವಾಪುರ. ಈ ಆಯೇರಿ ನಂದು."

ಹೈದರಾಬಾದಿನ ಮಂದಿಗೆ ಎಷ್ಟು ತಿಳಿಯಿತೋ. ಹಿಂದೆ ಎಲ್ಲೋ ನಮ್ಮ ಕಡೆಯಿಂದ ದುಡಿಯಲು ಹೋದವರು ಇದ್ದಿರಬೇಕು, "ಹೌದ್ರಿ ಅಕ್ಕಾರ" ಎಂದು ಸೀಟಿ ಹೊಡೆದರು. ಹಾಡುವವನು ಟಾವೆಲ್ ಹಣೆಗೆ ಒತ್ತಿಕೊಂಡು ಅವಳ ಹೆಸರನ್ನು ಎರಡು ಸಲ ಹೇಳಿದ. ವಾಪಸು ಬರುವಾಗ ರೈಲಿನಲ್ಲಿ ಅಕ್ಕ ಎದುರಿಗೆ ಕೂತವರಿಗೆಲ್ಲ ಚಕ್ಕುಲಿ ಹಂಚಿದಳು.

ಮೊಬೈಲಿನಲ್ಲಿ ಎರಡೂ ದಿನದ ವಿಡಿಯೋ ನೋಡಿದ ಶರಣಪ್ಪ ಮಾವ, "ಮೊದಲನೇ ದಿನದ್ದೇ ಚೊಲೊ ಐತಿ" ಎಂದ. ಅಕ್ಕ ಅವನ ಮುಂದಿನ ಚಹಾ ತೆಗೆದುಕೊಂಡು ತಾನೇ ಕುಡಿದಳು.

ಅವಳು ಹೋಗಿ ವರ್ಷವಾಯಿತು. ಮಲಗಿದಲ್ಲೇ ಹೋದಳು, ಯಾರಿಂದಲೂ ಏನೂ ಮಾಡಿಸಿಕೊಳ್ಳಲಿಲ್ಲ. ವರ್ಷದ ದಿನ ಅವರ ಮನೆ ಮುಂದೆ ತಿಂಥಣಿಯ ಭಜನೆಯವರು ಹಾಡಿದರು. ಪದ ಅರ್ಧಕ್ಕೆ ಬಂದಾಗ ಶರಣಪ್ಪ ಮಾವ ಎದ್ದ. ತಲೆನೋವು ಬಂದಿರಬೇಕು, ಒಳಗೆ ಹೋಗುತ್ತಾನೆ ಎಂದುಕೊಂಡೆ. ಅವನು ನೇರ ಹೋಗಿ ಹಾಡುವವನ ಹೆಗಲಿಗೆ ಹೊಸ ಟಾವೆಲ್ ಹೊದಿಸಿದ.

ಮೈಕಿನವನಿಗೆ ಮಾವನ ಪರಿಚಯ ಹಳೆಯದು. ಕೇಳದೆಯೇ, "ದೇವಾಪುರದ ಶರಣಪ್ಪ..." ಎಂದು ಶುರುಮಾಡಿದ.

"ತಡಿ" ಎಂದು ಮಾವ ಮೈಕಿಗೆ ಕೈ ಅಡ್ಡ ಹಿಡಿದ. "ಗುರುಬಾಯಿ ಅಂತ ಹೇಳು."

ಅವನು ಹೇಳಿದ. ಮಾವ ಬಂದು ನನ್ನ ಪಕ್ಕದ ಜಮಖಾನೆಯ ಮೇಲೆ ಕೂತ, ಭಜನೆ ಮುಗಿಯುವವರೆಗೆ ಏಳಲಿಲ್ಲ.