ನೀಲಿ ಪೆನ್ನಿನ ಶಾಸಕರು

ಅಮಾತೆಪ್ಪ ತುರಡಗಿ ಆರು ಸಲ ಶಾಸಕರಾದವರು. ಆ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಯಾರಿಗೂ ಇಲ್ಲ ಎಂದವರಲ್ಲ. ವಿಧಾನಸಭೆಯಲ್ಲಿ ಅವರು ಬಾಯಿ ತೆರೆದದ್ದು ಬಹಳವೆಂದರೆ ಹತ್ತು ಸಲ, ಅದರಲ್ಲಿ ನಾಲ್ಕು ಸಲ ಆಕಳಿಸಲು. ಆದರೆ ಬೆಳಿಗ್ಗೆ ಏಳಕ್ಕೆ ಮನೆಯ ಪಡಸಾಲೆಯಲ್ಲಿ ಕೂತರೆಂದರೆ ಕೇಳಿದವರಿಗೆಲ್ಲ ಚೀಟಿ. ವರ್ಗಾವಣೆ, ಬೋರ್‌ವೆಲ್, ಹಾಸ್ಟೆಲ್ ಸೀಟು, ಏನೇ ಇರಲಿ, 'ಇವರು ನಮ್ಮವರು, ಕೆಲಸ ಮಾಡಿಕೊಡಿ' ಎಂದು ಬರೆದು ಸಹಿ ಜಡಿಯುತ್ತಿದ್ದರು.

ಗುಟ್ಟು ಜೇಬಿನ ಎರಡು ಪೆನ್ನುಗಳಲ್ಲಿತ್ತು. ಸಹಿ ಹಸಿರಾದರೆ ಅಧಿಕಾರಿ ಕೆಲಸ ಮಾಡಬೇಕು, ನೀಲಿಯಾದರೆ ಚಹಾ ಕುಡಿಸಿ ಕಳಿಸಬೇಕು. ತಾಲ್ಲೂಕಿಗೆ ಹೊಸ ಅಧಿಕಾರಿ ಬಂದರೆ ಮೊದಲು ಹೇಳಿಕೊಡುತ್ತಿದ್ದದ್ದು ಈ ಪಾಠವನ್ನೇ. ಇಷ್ಟು ಜಾಣತನ ಜಿಲ್ಲೆಯಲ್ಲಿ ಇನ್ನೊಬ್ಬರಿಗಿಲ್ಲವೆಂದು ಅಮಾತೆಪ್ಪನವರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಿದ್ದರು.

ಒಂದು ದಿನ ಅವರ ಸ್ವಂತ ಅಕ್ಕ ಹನುಮವ್ವ ತನ್ನ ಊರಿಂದ ಬಂದಳು. ಅಕ್ಷರ ಬಾರದವಳು, ಬಾಯಿ ಮಾತ್ರ ಜೋರು. ಅವಳ ಮೊಮ್ಮಗಳು ದೇವಮ್ಮ ಹತ್ತನೇ ಇಯತ್ತೆ ಪಾಸಾಗಿದ್ದಳು. ಕಾಲೇಜು ಇಪ್ಪತ್ತು ಕಿಲೋಮೀಟರು ದೂರ, ಅವರ ಊರಿಗೆ ಬೆಳಗಿನ ಬಸ್ಸಿಲ್ಲ. ಬರುವ ಸೋಮವಾರದೊಳಗೆ ಬಸ್ಸು ಬಾರದಿದ್ದರೆ ಅಪ್ಪ ಹುಡುಗಿಗೆ ಗಂಡು ಗೊತ್ತುಮಾಡುವವನಿದ್ದ.

ಸರ್ಕಾರಿ ಡಿಪೋದಲ್ಲಿ ಬಸ್ಸೇನೋ ಒಂದಿತ್ತು. ಆದರೆ ಅದು ದಿನಾ ಬೆಳಿಗ್ಗೆ ಖಾಲಿಯಾಗಿ ಹೋಗಿ ಒಬ್ಬ ಸಾಹುಕಾರನ ಸೇವೆಗೆಂದು ಅವನ ಗಿರಣಿಯ ಮುಂದೆ ನಿಲ್ಲುತ್ತಿತ್ತು. ಸಾಹುಕಾರನ ಕೈಯಲ್ಲಿ ಎಂಟುನೂರು ವೋಟು. ಅಮಾತೆಪ್ಪನವರ ಕೈ ತಾನಾಗಿಯೇ ನೀಲಿ ಪೆನ್ನಿಗೆ ಹೋಯಿತು.

"ತಮ್ಮಾ, ಹಸರ ಪೆನ್ನಿಲೆ ಬರಿ," ಎಂದಳು ಹನುಮವ್ವ.

ಅಮಾತೆಪ್ಪನವರು ನೀಲಿ ಪೆನ್ನು ಕೆಳಗಿಟ್ಟರು. "ನಿನಗ ಯಾರ ಹೇಳಿದ್ರಕ್ಕಾ?"

"ಯಾರ್ಯಾಕ ಹೇಳ್ಬೇಕು? ನೀ ಎರಡನೇ ಸಲ ಆರಿಸಿ ಬಂದಾಗಿಂದ ಇಡೀ ತಾಲ್ಲೂಕಿಗೇ ಗೊತ್ತೈತಿ."

"ಮತ್ತ ವೋಟ್ ಯಾಕ ಹಾಕ್ತೀರಿ?"

"ಉಳಿದೋರು ಮಕಕ್ಕ ಹೊಡದಂಗ ಇಲ್ಲ ಅಂತಾರ. ನಿನಗ ಹಂಗ ಅನ್ನಾಕ ನಾಚಿಕಿ ಬರ್ತೈತಿ. ಅಷ್ಟರ ನಾಚಿಕಿ ಐತಲ್ಲ ಅಂತ ಹಾಕ್ತೀವಿ."

ಅಮಾತೆಪ್ಪನವರು ಹಸಿರು ಪೆನ್ನು ತೆಗೆದರು. ಗೀಚಿದರು, ಜಾಡಿಸಿದರು, ಊದಿದರು. ಬಳಸದೆ ಶಾಯಿ ಒಣಗಿಹೋಗಿತ್ತು. ಹನುಮವ್ವ ಬಾಯಿಗೆ ಸೆರಗು ಹಿಡಿದು ಮನಸಾರೆ ನಕ್ಕಳು.

"ಏಳು, ನಡ್ಯಾಕ ಕಾಲರ ಅದಾವಲ್ಲ!"

ಅಕ್ಕ, ತಮ್ಮ ಇಬ್ಬರೂ ಬಸ್ ಡಿಪೋಗೆ ಹೋದರು. ಶಾಸಕರನ್ನು ಕಂಡು ಮ್ಯಾನೇಜರ್ ಸೋಮಲಿಂಗಪ್ಪ ಕುರ್ಚಿಯಿಂದ ದಡಕ್ಕನೆ ಎದ್ದ. "ಸಾಹೇಬ್ರ, ಒಂದ್ ಚೀಟಿ ಕಳಿಸಿದ್ರ ಆಗ್ತಿತ್ತಲ್ರಿ!"

"ಚೀಟಿ ಕಳಿಸಿದ್ದು ಸಾಕಪಾ. ಗಿರಣಿ ಬಸ್ಸನ್ನ ನಮ್ಮಕ್ಕನ ಊರಿಗೆ ತಿರುಗಿಸು. ಸಾಹುಕಾರ ಕೇಳಿದ್ರ ನನ್ನ ಹೆಸರ ಹೇಳು."

"ಸೋಮವಾರ ಏಳಕ್ಕ ಬಸ್ ಅಲ್ಲಿರ್ತೈತ್ರಿ," ಎಂದ ಮ್ಯಾನೇಜರ್. ಆದೇಶ ಬರೆದಿಡಲು ಆ ಊರಿನ ಫೈಲು ತಂದು ಮೇಜಿನ ಮೇಲೆ ಬಿಚ್ಚಿದ.

ಒಳಗೆ ಬಸ್ಸು ಕೇಳಿದ ಒಂಬತ್ತು ಹಳೆಯ ಅರ್ಜಿ, ಒಂಬತ್ತರ ಮೇಲೂ ಅಮಾತೆಪ್ಪನವರ ನೀಲಿ ಸಹಿ. ತಳದಲ್ಲಿದ್ದ ಹಳದಿಗಟ್ಟಿದ ಹಾಳೆ ಹತ್ತೊಂಬತ್ತು ವರ್ಷದ ಹಿಂದಿನದು. ಬರೆದವಳು ನಾಗಮ್ಮ, ಹನುಮವ್ವನ ಮಗಳು, ದೇವಮ್ಮನ ತಾಯಿ. ಹತ್ತನೇ ಇಯತ್ತೆ ಪಾಸಾಗಿದ್ದೇನೆ, ಕಾಲೇಜಿಗೆ ಹೋಗಲು ಬಸ್ಸು ಬೇಕು ಎಂದು ದುಂಡಗೆ ಬರೆದಿದ್ದಳು. ಅಮಾತೆಪ್ಪನವರು ಅದನ್ನು ಓದಿ, ಹಾಳೆಯನ್ನು ಅಕ್ಕನ ಕಡೆ ತಿರುಗಿಸಿದರು.

"ಇದೂ ನೀಲಿ ಅಂತ ಅವತ್ತ ನಿನಗ ಗೊತ್ತಿತ್ತೇನಕ್ಕಾ?"

"ಗೊತ್ತಿತ್ತು."

"ಮತ್ತ ಯಾಕ ಸುಮ್ಮನಾದಿ?"

ಹನುಮವ್ವ ಈಗ ನಗಲಿಲ್ಲ. "ಮಂದ್ಯಾಗ ನಿನ್ನ ಮಾನ ಉಳಿಸಿದೆ ತಮ್ಮಾ. ಮಗಳ ಓದು ಕಳದೆ."