ದೊಡ್ಡವ್ವನ ಎರಡು ಬಾಂಡು

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಇವತ್ತು ಯಾರೋ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಸರ್ಕಾರಿ ಬಾಂಡುಗಳ ಇಳುವರಿ ಏರಿದ ಸುದ್ದಿ ಓದುತ್ತಿದ್ದವನ ಮೂಗು ಹುಮನಾಬಾದಿಗೆ, ದೊಡ್ಡವ್ವನ ಖಾನಾವಳಿಗೆ ಹೋಯಿತು. ಇಳುವರಿ ಮತ್ತು ಒಗ್ಗರಣೆ ನನ್ನ ತಲೆಯಲ್ಲಿ ಒಂದೇ ಕಡೆ ಕುಳಿತಿವೆ. ಯಾಕೆಂದು ಹೇಳುತ್ತೇನೆ, ಕೇಳಿ.

ಖಾನಾವಳಿ ನಡೆಯುತ್ತಿದ್ದುದು ಬಾಡಿಗೆ ಮಳಿಗೆಯಲ್ಲಿ. ಕೂಡಿಟ್ಟದ್ದನ್ನೆಲ್ಲ ದೊಡ್ಡವ್ವ ನನ್ನ ಮಾತು ಕೇಳಿ ಹತ್ತು ವರ್ಷದ ಸರ್ಕಾರಿ ಬಾಂಡಿಗೆ ಹಾಕಿದ್ದಳು. ಅಂದರೆ ಸರ್ಕಾರಕ್ಕೆ ಸಾಲ ಕೊಟ್ಟಿದ್ದಳು: ಆರು ತಿಂಗಳಿಗೊಮ್ಮೆ ಗೊತ್ತುಮಾಡಿದಷ್ಟೇ ಬಡ್ಡಿ, ಅವಧಿ ಮುಗಿದಾಗ ಅಸಲು. ಕೆಲವು ವರ್ಷಗಳ ಹಿಂದೆ ಮಾಲೀಕ ಮಳಿಗೆ ಮಾರಲು ನಿಂತ. ದೊಡ್ಡವ್ವ ಕೊಳ್ಳದಿದ್ದರೆ ಮೊಬೈಲ್ ಅಂಗಡಿಯವನು ಕಾದಿದ್ದ. ಬಾಂಡು ಮಾರೋಣವೆಂದರೆ ಅದರ ಬೆಲೆ ಇಳಿದಿತ್ತು.

"ಬಾಂಡಿನ ಬೆಲೆ ಹ್ಯಾಂಗ ಇಳಿತದೋ ತಮ್ಮಾ? ಕಚೇರಿ ಮುಂದ ನೂರರ ಬಾಂಡಿಗೆ ಮ್ಯಾಲ ಹತ್ತು ಇಸ್ಕೋತಾರ."

ನಮ್ಮ ಕಡೆ ಬಾಂಡ್ ಎಂದರೆ ಕರಾರು ಬರೆಯುವ ಛಾಪಾಕಾಗದ; ದೊಡ್ಡವ್ವ ಹೇಳಿದ್ದೂ ಅದನ್ನೇ. ಅರ್ಥಶಾಸ್ತ್ರ ಓದಿದ ನಾನು ಏರುಗೆರೆ, ಇಳಿಗೆರೆ ಎಳೆದು ತೋರಿಸಿದೆ. ಅವಳು ರೊಟ್ಟಿ ಬಡಿಯುತ್ತಲೇ ಇದ್ದಳು. ಕೊನೆಗೆ ಅವಳ ಊಟದ ಕೂಪನ್ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ನಾನೂ ಹರಿದು ಕೊಟ್ಟದ್ದೇ. ಅದರ ಬಣ್ಣ ಹಳದಿ, ಅಥವಾ ಗುಲಾಬಿ. ದಿನಚರಿಯಲ್ಲಿ ಬರೆದಿಲ್ಲ, ಆಣೆ ಮಾಡಲಾರೆ.

"ದೊಡ್ಡವ್ವಾ, ಮೊದಲ ರೊಕ್ಕ ಕೊಟ್ಟು ನಿನ್ನ ಕೂಪನ್ ತಗೊಂಡವಗ ತಿಂಗಳ ಊಟ. ಎದುರಿಗೆ ಹೊಸ ಖಾನಾವಳಿಯವ ಅದೇ ರೊಕ್ಕಕ್ಕ ಹುಗ್ಗೀನೂ ಕೊಟ್ಟ ಅನ್ನು. ನಿನ್ನ ಗಿರಾಕಿ ಮಾಸ್ತರಗ ನಡುವ ವರ್ಗ ಆತು. ಉಳಿದ ಕೂಪನ್ ಮಾರಾಕ ಹೋದ್ರ?"

"ಪೂರಾ ರೇಟ್ ಯಾವ ಕೊಡ್ತಾನ? ಕಮ್ತಿಗೆ ಕೊಡಬೇಕು."

"ಕಮ್ತಿಗೆ ತಗೊಂಡವಗ?"

"ಅದೇ ಊಟ. ಸೋವಿ." ಬಡಿಯುವ ಕೈ ನಿಂತಿತು.

ಇಳುವರಿ ಅಂದರೆ ಅದೇ, ಕೊಟ್ಟ ಬೆಲೆಗೆ ಸಿಗುವ ಫಲ. ಹೊಸ ಬಾಂಡು ಹೆಚ್ಚು ಬಡ್ಡಿ ಕೊಟ್ಟರೆ ಹಳೆಯದರ ಬೆಲೆ ಇಳಿಯುತ್ತದೆ. ಇಳಿದ ಬೆಲೆಗೆ ಕೊಂಡವನ ಇಳುವರಿ ಏರುತ್ತದೆ. ಎದುರಿನವನು ಹುಗ್ಗಿ ನಿಲ್ಲಿಸಿದರೆ ಎಲ್ಲ ಉಲ್ಟಾ. ಉಳಿದ ಕೂಪನ್ ಹೆಚ್ಚಿದ್ದಷ್ಟೂ ಏಟು ಜೋರು. ದೊಡ್ಡವ್ವನ ಬಾಂಡಿಗೆ ಇನ್ನೂ ಬಹಳ ವರ್ಷ ಬಾಕಿ ಇತ್ತು.

"ಕೊನಿತನಕ ಕುಂತು ಉಂಡವಗ?"

"ಮಾತು ಕೊಟ್ಟಷ್ಟೂ ಬರ್ತದ. ಅದಕ್ಕೇ ಮಾರಬ್ಯಾಡ, ತಡಿ."

"ನಾ ತಡದ್ರ ಮಳಗಿ ತಡಿತದೇನು? ಉಣ್ಣವನ ಲೆಕ್ಕ ಬ್ಯಾರೆ, ಉಣಸಾಕಿ ಲೆಕ್ಕ ಬ್ಯಾರೆ. ನಾ ಈಗ ವರ್ಗ ಆದ ಮಾಸ್ತರ ಅಂತ ತಿಳಿ. ಮಾರು."

ಮಾರಿದೆವು. ಕಡಿಮೆ ಬಿದ್ದದ್ದನ್ನು ಅವಳ ಕೊರಳಿನ ಗುಂಡಿನ ಸರ ತುಂಬಿತು. ಛಾಪಾಕಾಗದದ ಮೇಲೆ ಮಳಿಗೆ ಅವಳ ಹೆಸರಿಗಾಯಿತು. ಅವಳನ್ನು ತಡೆಯಬೇಕಿತ್ತೇ ಎಂದು ಆಮೇಲೆ ದಿನಚರಿಯಲ್ಲಿ ಎಷ್ಟೋ ಸಲ ಬರೆದುಕೊಂಡಿದ್ದೇನೆ.

ಇವತ್ತು ಪತ್ರಿಕೆ ಮಡಚಿ ಫೋನ್ ಮಾಡಿದೆ. "ದೊಡ್ಡವ್ವಾ, ಇಳುವರಿ ಮತ್ತ ಏರ್ಯಾದ."

"ಎದುರಿನವ ಮತ್ತ ಹುಗ್ಗಿ ಮಾಡಾಕತ್ತಾನಂದಂಗಾತು. ಮಾಡ್ಲಿ."

"ಆ ಬಾಂಡ್ ಮಾರಿದ್ದಕ್ಕ ನಿನಗೇನೂ ಅನ್ಸಂಗಿಲ್ಲಾ?"

"ಆ ಬಾಂಡ್ ಕೊಟ್ಟು ಮಳಗಿ ಬಾಂಡ್ ತಗೊಂಡೀನಿ. ಇದರ ರೇಟ್ ದಿನಾ ಯಾರೂ ಹೇಳಂಗಿಲ್ಲ, ನಾನೂ ಕೇಳಂಗಿಲ್ಲ. ಊಟಕ್ಕ ಬರ್ತಿಯೋ ಇಲ್ಲೋ?"

"ಬರ್ತೀನಿ. ಹಳೇ ಕೂಪನ್ ಹಳದಿ ಇತ್ತೋ, ಗುಲಾಬಿನೋ?"

"ಹಸರು. ಲಗೂ ಬಾ, ರೊಟ್ಟಿ ಆರ್ತಾವ."

ದಿನಚರಿಯ ಇವತ್ತಿನ ಪುಟವನ್ನು ಖಾಲಿ ಬಿಟ್ಟು ಹುಮನಾಬಾದಿನ ಬಸ್ ಹತ್ತಿದೆ.